ಗುಬ್ಬಿಯ ಕಥೆ ಕುಣಿಗಲ್‌ನಲ್ಲಿ

ಗುಬ್ಬಿಯಲ್ಲಿ ಕೇಳಿದ್ದನ್ನು ಕುಣಿಗಲ್‌ನಲ್ಲಿ ಹೇಳಬೇಕು, ಕುಣಿಗಲ್‌ನಲ್ಲಿ ಕೇಳಿದ್ದನ್ನು ಗುಬ್ಬಿಯಲ್ಲಿ. ನಮ್ಮ ಕಚೇರಿಯಲ್ಲಿ ಈ ನಿಯಮ ಮಾಡಿದವಳು ನಾನೇ. ಕುಡಿತ, ಗಾಂಜಾ, ಮಾತ್ರೆಗಳ ಚಟ ಬಿಡಿಸುವ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ನನಗೆ ಎರಡು ಕೆಲಸ. ಬಿಟ್ಟವರ ಮತ್ತು ಬಿಡಲು ನೋಡುತ್ತಿರುವವರ ಮನೆಗಳಿಗೆ ಹೋಗಿ ಅವರ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಂಡು ಬಂದು ಬರೆಯುವುದು ಒಂದು. ಅದಕ್ಕೆ ಸಂಶೋಧನೆ ಎಂದು ಹೆಸರು. ಶಾಲೆ, ಮಹಿಳಾ ಸಂಘ, ಹಾಲಿನ ಡೇರಿಗಳಲ್ಲಿ ಜನರ ಮುಂದೆ ನಿಂತು ಮಾತಾಡುವುದು ಇನ್ನೊಂದು. ಅದಕ್ಕೆ ಶಿಕ್ಷಣ ಎಂದು ಹೆಸರು. ಮೊದಲನೆಯದರಲ್ಲಿ ಸಿಕ್ಕಿದ್ದು ಎರಡನೆಯದಕ್ಕೆ ಬೇಕಾಗುತ್ತದೆ. ಕೆಟ್ಟುಹೋದ ಲಿವರಿನ ಚಿತ್ರ ತೋರಿಸಿದರೆ ಜನ ಆಕಳಿಸುತ್ತಾರೆ. ಯಾರದೋ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಮೊಬೈಲ್ ಕೆಳಗಿಡುತ್ತಾರೆ.

ಆ ಯಾರದೋ ಮನೆ ಯಾರ ಮನೆಯೆಂದು ಗೊತ್ತಾಗಬಾರದು. ಹೆಸರು ತೆಗೆಯುತ್ತಿದ್ದೆ, ವಯಸ್ಸು ಬದಲಿಸುತ್ತಿದ್ದೆ, ತೆಂಗಿನ ತೋಟವಿದ್ದರೆ ರಾಗಿ ಹೊಲ ಮಾಡುತ್ತಿದ್ದೆ, ಇಬ್ಬರು ಮಕ್ಕಳಿದ್ದರೆ ಒಬ್ಬಳು ಮಗಳು. ಅದರ ಮೇಲೆ ತಾಲ್ಲೂಕು ಅದಲುಬದಲು. ಗುಬ್ಬಿಯ ಹಳ್ಳಿಯವರು ಕುಣಿಗಲ್‌ಗೆ ಹೋಗಬೇಕಾದರೆ ತುಮಕೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಬಸ್ಸು ಬದಲಿಸುವ ಕಡೆ ಕಥೆಯ ಗುರುತೂ ಅಳಿಸಿಹೋಗುತ್ತದೆ ಎಂದು ನಾನು ನಂಬಿದ್ದೆ. ಈಗ ಬರೆಯುವಾಗ ಇದು ಬಾಲಿಶವಾಗಿ ಕಾಣುತ್ತದೆ. ಆಗ ಕಾಣಲಿಲ್ಲ. ನನ್ನ ಊರು ಹೆಬ್ಬೂರಿನ ಪಕ್ಕ, ಕುಣಿಗಲ್ ದಾರಿಯಲ್ಲಿ. ನನ್ನ ಸ್ವಂತ ಅಕ್ಕನನ್ನು ಕೊಟ್ಟಿರುವುದು ಗುಬ್ಬಿ ತಾಲ್ಲೂಕಿಗೆ. ಹೆಣ್ಣುಮಕ್ಕಳನ್ನು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಕೊಡುತ್ತಾರೆ, ಅವರ ಜೊತೆ ಮಾತೂ ಹೋಗಿಬರುತ್ತದೆ ಎಂಬುದನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿಯಬೇಕಾಗಿರಲಿಲ್ಲ.

ಮುಂದೆ ಬರೆಯುವುದರಲ್ಲಿ ಎಷ್ಟು ನೆನಪು, ಎಷ್ಟು ಟಿಪ್ಪಣಿ ಎಂದು ಹೇಳಿಬಿಡುತ್ತೇನೆ. ನನ್ನ ಹತ್ತಿರ ಎರಡು ಪುಸ್ತಕಗಳಿರುತ್ತವೆ. ಕಚೇರಿಯದ್ದು ಒಂದು, ನನ್ನ ದಿನಚರಿ ಒಂದು. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಮ್ಮೆ ಊರ್ಡಿಗೆರೆ ಕಡೆಯ ಒಬ್ಬ ತಾಯಿ ಮಾತಾಡುತ್ತ ಅತ್ತದ್ದು ನನಗೆ ಚೆನ್ನಾಗಿ ನೆನಪಿತ್ತು. ಆಕೆಯ ಸೀರೆಯ ಸೆರಗಿನ ಬಣ್ಣ ಕೂಡ. ಧ್ವನಿಮುದ್ರಿಕೆ ಹಾಕಿ ಕೇಳಿದರೆ ಒಂದು ಕಡೆಯೂ ದನಿ ನಡುಗಿಲ್ಲ. ಬದಲಿಗೆ ನಾನೇ ಎರಡು ಸಲ ಮೂಗು ಸೀಟಿಕೊಂಡ ಸದ್ದು ಇದೆ. ಅಂದಿನಿಂದ ಬರೆದಿಟ್ಟದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಈ ಬರಹದ ಮಟ್ಟಿಗೆ ಇನ್ನೊಂದು ಮಾತು: ಇದರಲ್ಲಿ ಬರುವ ಗಂಡಹೆಂಡತಿಗೆ ಇದನ್ನು ಓದಿ ಹೇಳಿದ್ದೇನೆ. ಒಂದು ಸಂಗತಿ ತೆಗೆಯಲು ಹೇಳಿದರು, ತೆಗೆದಿದ್ದೇನೆ.

ಆ ಗಂಡನಿಗೆ ನಲವತ್ತೈದರ ಆಸುಪಾಸು. ಗುಬ್ಬಿಯಿಂದ ಒಂಬತ್ತು ಹತ್ತು ಕಿಲೋಮೀಟರ್ ಒಳಗಿನ ಹಳ್ಳಿ, ತೆಂಗಿನ ತೋಟ, ಎರಡು ಹಸು. ಹದಿನೈದು ವರ್ಷ ಕುಡಿದು, ಬಿಟ್ಟು, ಬಿಟ್ಟ ಮೇಲೆ ನಮ್ಮಲ್ಲಿ ಗುರುವಾರ ನಡೆಯುವ ಸಭೆಗೆ ಬರಲು ಶುರುಮಾಡಿದ್ದ. ಸಾಮಾನ್ಯವಾಗಿ ಜನ ನಮ್ಮಲ್ಲಿಗೆ ಬಂದು ಬಿಡುತ್ತಾರೆ. ಈತ ಬಿಟ್ಟು ಬಂದಿದ್ದ. ಅದಕ್ಕೇ ಆತನ ಮಾತು ಮುದ್ರಿಸಿಕೊಳ್ಳಬೇಕೆಂದು ನನಗೆ ಆಸೆ. ಹೋದಾಗ ಒಪ್ಪಿಗೆ ಪತ್ರವನ್ನು ಎರಡು ಸಲ ಓದಿಸಿಕೊಂಡು ರುಜು ಹಾಕಿದ.

ಆ ಕಡೆಯ ಮನೆಗಳಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ, ಹತ್ತಿರ ಹತ್ತಿರ ಒಂದು ವರ್ಷ ಬಿಟ್ಟು ಕೊಬ್ಬರಿ ಮಾಡುತ್ತಾರೆ. ಒಣಗಿದ ಮೇಲೆ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಕೊಬ್ಬರಿಯ ಗಿಟುಕು ಕದಲುವ ಸದ್ದು ಬರುತ್ತದೆ. ಈತ ದಿನಾ ಸಂಜೆ ಕಾಯಿ ನೋಡುವ ನೆಪದಲ್ಲಿ ಅಟ್ಟ ಹತ್ತುತ್ತಿದ್ದ. ಕಾಯಿಗಳ ಸಂದಿಯಲ್ಲಿ ಬಾಟಲಿ ಇಡುತ್ತಿದ್ದ.

ಮುದ್ರಿಕೆಯಲ್ಲಿ ಇದ್ದಂತೆ ಆತನ ಮಾತು ಇದು: "ಮೊದ್ಲು ಒಂದು ಕ್ವಾರ್ಟರ್ ಸಾಕಾಗ್ತಿತ್ತು ಮೇಡಂ, ಆಮೇಲೆ ಎಲ್ಡಾಯ್ತು. ಕೊನೆಕೊನೆಗೆ ಎಷ್ಟು ಹಾಕುದ್ರೂ ಏರ್ತಿರ್ಲಿಲ್ಲ. ಸಪ್ಪೆ. ವೈನ್ ಸ್ಟೋರ್‌ನೋನು ನೀರು ಬೆರೆಸ್ತಾವ್ನೆ ಅಂತ ಹೋಗಿ ಕತ್ತಿನ ಪಟ್ಟಿ ಹಿಡ್ಕಂಡೆ. ಊರೆಲ್ಲ ಸೇರ್ತು. ಅವ್ನು ಹೊಸಾ ಬಾಟ್ಲಿ ತಂದು, 'ತಗಾಳಣ್ಣ, ನಿನ್ ಕಣ್ಣೆದ್ರಿಗೇ ಸೀಲ್ ಒಡೀತೀನಿ' ಅಂದ. ಅಲ್ಲೇ ಒಂದು ಗುಟುಕು ಹಾಕ್ದೆ. ಸರಿಯಾಗೇ ಇತ್ತು! ಅದೇ ಬಾಟ್ಲಿ ಮನೆಗೆ ತಂದು ಇಟ್ಟು ಮಾರನೇ ದಿನ ಕುಡುದ್ರೆ ಸಪ್ಪೆ. ಅಂಗಡೀಲಿ ಸರಿಯಾಗಿರೋದು ನಮ್ಮನೇಲಿ ಸಪ್ಪೆ ಆಯ್ತದೆ ಅಂದ್ರೆ ಏನರ್ಥ ಹೇಳಿ? ನಮ್ ಮನೆದೇವ್ರು ಬ್ಯಾಡ ಅಂತಾವ್ನೆ. ಒಂದೂವರೆ ತಿಂಗ್ಳು ಯೋಚ್ನೆ ಮಾಡ್ದೆ. ಆಮೇಲೆ ಒಂದಿನ ತಲೆಗೆ ನೀರು ಹುಯ್ಕಂಡು ದೇವ್ರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿ ಬುಟ್ಟುಬುಟ್ಟೆ."

ಆತ ಇದನ್ನು ಹೇಳುವಾಗ ಹೆಂಡತಿ ಒಳಗೆ ಕಾಫಿ ಮಾಡುತ್ತಿದ್ದಳು. ಮುದ್ರಿಕೆಯಲ್ಲಿ ಲೋಟದ ಸದ್ದು ಕೇಳುತ್ತಿತ್ತು.

ಹೊರಟಾಗ ಆಕೆ ನುಗ್ಗೆಕಾಯಿಯ ಒಂದು ಕಟ್ಟು ಹಿಡಿದು ಬಸ್ ನಿಲ್ಲುವ ಕಡೆಯವರೆಗೂ ನನ್ನ ಜೊತೆ ಬಂದಳು. ಫೋನು ಚೀಲದೊಳಗಿತ್ತು, ಆರಿಸಿಟ್ಟಿದ್ದೆ. ಅಲ್ಲಿ ಆಕೆ ಹೇಳಿದ್ದು ನನ್ನ ನೆನಪಿನಲ್ಲಿ ಹೀಗಿದೆ:

"ನಾನೊಂದು ಹೇಳ್ತೀನಿ ಮೇಡಂ, ನಗಬಾರ್ದು ನೀವು."

"ಇಲ್ಲ, ಹೇಳಿ."

"ಆ ನೀರು ಬೆರೆಸ್ತಿದ್ದೋಳು ನಾನೇ ಕಣ್ರೀ."

ಗಂಡ ತೋಟಕ್ಕೆ ಹೋದಾಗ ಅಟ್ಟ ಹತ್ತಿ, ತೆರೆದ ಬಾಟಲಿಯಿಂದ ಒಂದಿಷ್ಟು ಚೆಲ್ಲಿ, ಅಷ್ಟೇ ನೀರು ತುಂಬಿಡುತ್ತಿದ್ದಳಂತೆ. ಮೊದಲು ಒಂದು ಮುಚ್ಚಳ, ಆಮೇಲೆ ಎರಡು, ಹೀಗೆ. ಬೈದು ನೋಡಿದ್ದಳು, ತವರಿಗೆ ಹೋಗಿ ಕೂತು ನೋಡಿದ್ದಳು, ಊಟ ಬಿಟ್ಟು ನೋಡಿದ್ದಳು. "ಹಾಲಿಗೆ ನೀರು ಹಾಕುದ್ರೆ ಡೇರೀಲಿ ಹಿಡೀತಾರೆ. ಇದನ್ನ ಯಾರು ಹಿಡೀತಾರೆ ಅಂತ ಹಾಕ್ದೆ," ಅಂದಳು. ನಾನು ನಗಲಿಲ್ಲ ಅಂದುಕೊಂಡಿದ್ದೇನೆ. ಗಂಡ ಮನೆದೇವರ ವಿಷಯ ಎತ್ತಿದಾಗಲೂ ನಿಜ ಹೇಳಲಿಲ್ಲವಂತೆ. ಕರ್ಪೂರ ಹಚ್ಚಿದ ದಿನದವರೆಗೂ ಬೆರೆಸುತ್ತಲೇ ಇದ್ದೆ ಎಂದು ಹೇಳಿದ ಹಾಗೆ ನನಗೆ ನೆನಪು. ಬಸ್ಸು ಬಂತು. "ಇದನ್ನ ಬರ್ಕೋಬೇಡಿ" ಎಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಕೂತು ದಿನಚರಿಯಲ್ಲಿ ಬರೆದದ್ದು ಇಷ್ಟು: "ಹೆಂಡತಿ: ನೀರು. ನಗಬಾರದು." ಬಸ್ಸು ಕುಲುಕಿದ್ದರಿಂದ ಅಕ್ಷರ ಸೊಟ್ಟ.

ಇದನ್ನು ನಾನು ಯಾರಿಗೂ ಹೇಳದೆ ಇರಬಹುದಿತ್ತು. ಆದರೆ ಇಂಥ ಕಥೆ ಸುಮ್ಮನೆ ಇರಗೊಡುವುದಿಲ್ಲ. ಮೊದಲು ಹೇಳಿದ್ದು ಗುರುವಾರದ ಸಭೆ ನಡೆಸುವ ನನ್ನ ಸಹೋದ್ಯೋಗಿಗೆ. ಅವರೂ ಒಂದು ಕಾಲದಲ್ಲಿ ಕುಡಿದವರೇ, ಬಿಟ್ಟು ಬಹಳ ವರ್ಷವಾಗಿದೆ. ಕೇಳಿ, "ನಮ್ಮನೇಲಿ ಈ ಬುದ್ಧಿ ಓಡಿದ್ರೆ ನಾನು ಇನ್ನೂ ಐದು ವರ್ಷ ಮುಂಚೆ ಉದ್ಧಾರ ಆಗ್ತಿದ್ದೆ," ಅಂದರು. ಆಮೇಲೆ ಗಂಭೀರವಾಗಿ, "ಜನಕ್ಕೆ ಹೇಳೋವಾಗ ಜೋಪಾನ. ಎಲ್ಲರೂ ಬಾಟ್ಲಿಗೆ ಕೈ ಹಾಕೋಕೆ ಹೋದ್ರೆ ಒದೆ ತಿನ್ನೋದು ಹೆಂಗಸರೇ," ಅಂದರು. ಅವರು ಹೇಳಿದ ಜೋಪಾನ ಬೇರೆಯದು. ಆದರೂ ಅದನ್ನು ನಾನು ಪಾಲಿಸಿದೆ. ಪಾಲಿಸಬೇಕಾಗಿದ್ದ ಇನ್ನೊಂದು ಜೋಪಾನ ಇಬ್ಬರಿಗೂ ಹೊಳೆಯಲಿಲ್ಲ.

ಎರಡು ಮೂರು ತಿಂಗಳ ನಂತರ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಸಂಘದಲ್ಲಿ ಮಾತಾಡಬೇಕಿತ್ತು. ಸಮುದಾಯ ಭವನ, ನಲವತ್ತು ಐವತ್ತು ಹೆಂಗಸರು. ನಿಯಮದಂತೆ ಗುಬ್ಬಿಯ ಕಥೆ ತೆಗೆದೆ. ಅಟ್ಟದ ಕೊಬ್ಬರಿ ತೆಗೆದು ರಾಗಿ ಮೂಟೆ ಮಾಡಿದೆ. ತೆಂಗಿನ ತೋಟದವನನ್ನು ಟ್ರ್ಯಾಕ್ಟರ್ ಓಡಿಸುವವನನ್ನಾಗಿ ಮಾಡಿದೆ. ಮನೆದೇವರ ಸುದ್ದಿ ಬಿಟ್ಟೆ, ಅದು ಯಾಕೋ ಹೇಳಲು ಮನಸ್ಸು ಬರಲಿಲ್ಲ. ಅಂಗಡಿಯ ಜಗಳವನ್ನು ಮಾತ್ರ ಹಾಗೇ ಇಟ್ಟುಕೊಂಡೆ. ಗುರುತು ಸಿಗುವುದಾದರೆ ಅದರಿಂದಲೇ ಸಿಗಬೇಕು, ಊರೆಲ್ಲ ನೋಡಿದ ಜಗಳ ಅದು, ಎಂದು ಗೊತ್ತಿದ್ದೂ ಇಟ್ಟುಕೊಂಡೆ. ಯಾಕೆಂದರೆ ಜನ ನಗುವುದು ಅಲ್ಲೇ.

ನಕ್ಕರು. ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಹಿಂದಿನ ಸಾಲಿನಿಂದ ಒಬ್ಬಳು, "ಆಮ್ಯಾಕೆ ಗೊತ್ತಾಯ್ತಾ ಮೇಡಂ ಅವ್ನಿಗೆ?" ಎಂದು ಕೇಳಿದಳು.

"ಇಲ್ಲ, ಇವತ್ತಿಗೂ ಗೊತ್ತಿಲ್ಲ," ಅಂದೆ.

ಪಕ್ಕದಲ್ಲಿದ್ದ ವಯಸ್ಸಾದಾಕೆ, "ಗೊತ್ತಾಗೋದು ಬ್ಯಾಡ ಬುಡವ್ವ, ಗೊತ್ತಾದ್ರೆ ಅದೇ ನೆಪ ಮಾಡ್ಕಂಡು ಇನ್ನೊಂದ್ ದಪ ಶುರು ಹಚ್ಕತಾನೆ," ಅಂದಳು. ಮತ್ತೆ ನಕ್ಕರು. ನಾನೂ ನಕ್ಕೆ. ದಿನಚರಿಯಲ್ಲಿ ಆ ದಿನದ ಬಗ್ಗೆ "ಚೆನ್ನಾಗಿ ಆಯಿತು" ಎಂದಿದೆ.

ಹಿಂದಿನ ಸಾಲಿನಿಂದ ಕೇಳಿದವಳು ಗುಬ್ಬಿಯ ಆ ಹೆಂಡತಿಯ ಅಣ್ಣನ ಹೆಂಡತಿ. ಆ ಸಂಘದ ಊರೇ ಆ ಹೆಂಡತಿಯ ತವರು. ಇದು ನನಗೆ ತಿಳಿದದ್ದು ಆಮೇಲೆ.

ಒಂದು ಸೋಮವಾರ ಬೆಳಿಗ್ಗೆ ಆ ಗಂಡ ತುಮಕೂರಿನ ನಮ್ಮ ಕಚೇರಿಗೆ ಬಂದ. ಬಿ.ಎಚ್. ರಸ್ತೆಯಿಂದ ಒಳಗೆ, ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ಗುರುವಾರ ಬರುವವನು ಸೋಮವಾರ ಬಂದರೆ ನಾವು ಮೊದಲು ಬಾಯಿಯ ವಾಸನೆ ನೋಡುತ್ತೇವೆ. ವಾಸನೆ ಇರಲಿಲ್ಲ. ಆತ ಬಿಟ್ಟು ಆಗ ಎಂಟು ತಿಂಗಳು. ಕುರ್ಚಿ ತೋರಿಸಿದರೆ ಕೂರಲಿಲ್ಲ. ಸಹೋದ್ಯೋಗಿಯೂ ಅಲ್ಲೇ ಇದ್ದರು.

"ನಿನ್ನೆ ಕುಣಿಗಲ್ ಕಡೆ ಬೀಗರೂಟಕ್ಕೆ ಹೋಗಿದ್ದೆ," ಅಂದ. "ಅಲ್ಲಿ ಎಲ್ಲಾ ನಡೀತದೆ, ಗೊತ್ತಲ್ಲ ನಿಮ್ಗೆ. ನಾನು ಮುಟ್ಟಲಿಲ್ಲ. ಪಂಕ್ತೀಲಿ ಕೂತು ಮುದ್ದೆ ಮುರೀತಿದ್ದೆ. ನಮ್ಮವ್ಳ ಅತ್ತಿಗೆ ಸಾರು ಬಡುಸ್ತಾ, 'ಅಣ್ಣ ಎಣ್ಣೆ ಬುಟ್ಟು ಬಂಗಾರ ಆಗೋದ' ಅಂದ್ಲು. ಅನ್ನೋದಲ್ದೆ, 'ನಮ್ಮ ಸಂಘಕ್ಕೆ ತುಮಕೂರಿಂದ ಒಬ್ರು ಮೇಡಂ ಬಂದಿದ್ರು ಕಣಣ್ಣ, ಒಂದು ಕಥೆ ಹೇಳುದ್ರು, ಕೇಳು' ಅಂತ ಶುರು ಮಾಡುದ್ಲು. ಯಾರೋ ಪುಣ್ಯಾತ್ಗಿತ್ತಿ ಗಂಡನ ಬಾಟ್ಲಿಗೆ ನೀರು ಹುಯ್ದು ಹುಯ್ದು, ಆ ಪೆದ್ದ ಹೋಗಿ ವೈನ್ ಸ್ಟೋರ್‌ನೋನ ಕತ್ತು ಹಿಡಿದ್ನಂತೆ. ಪಂಕ್ತಿ ಪೂರ್ತಿ ನಗಾಡ್ತು. ಅವ್ಳಿಗೆ ಅದು ನಾನು ಅಂತ ಗೊತ್ತಿಲ್ಲ. ನಮ್ಮ ಜಗಳದ ಸುದ್ದಿ ಆ ಕಡೆಗೆ ಹೋಗಿಲ್ಲ. ಎದುರು ಪಂಕ್ತೀಲಿ ನಮ್ಮವ್ಳು ಕೂತಿದ್ಲು. ಅವ್ಳು ಮಾತ್ರ ನಗಲಿಲ್ಲ. ಎಲೆ ನೋಡ್ಕಂಡು ಕೂತವ್ಳೆ."

ಆತ ನನ್ನನ್ನೇ ನೋಡಿದ.

"ಆ ಕಥೆ ನಂದಾ ಮೇಡಂ?"

ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ನಾನೇ ಬೇರೆಯವರಿಗೆ ತರಬೇತಿ ಕೊಟ್ಟಿದ್ದೇನೆ. ಹೌದು ಅನ್ನಬಾರದು, ಇಲ್ಲ ಅನ್ನಬಾರದು. "ಯಾರ ಕಥೆ ಯಾರದು ಅಂತ ನಾವು ಯಾರಿಗೂ ಹೇಳೋ ಹಾಗಿಲ್ಲ," ಅಂದೆ.

"ನಂದಲ್ದೇ ಇದ್ದಿದ್ರೆ ಇಲ್ಲ ಅಂತಿದ್ರಿ. ಸರಿ ಬುಡಿ."

ಸಹೋದ್ಯೋಗಿ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದರು. "ನೀರೋ ಹಾಲೋ, ಎಂಟು ತಿಂಗ್ಳು ಬಿಟ್ಟಿರೋದು ನೀನೇ ತಾನೇ ಕಣಯ್ಯ. ಬಿಟ್ಟ ಮೇಲೆ ಯಾರು ನೀರು ಹಾಕಿದ್ರು?"

"ಅದಲ್ಲ ಸಾರ್. ನಾನು ಆಣೆ ಮಾಡಿದ್ದು ಯಾತರ ಮೇಲೆ? ದೇವ್ರೇ ಸಪ್ಪೆ ಮಾಡವ್ನೆ ಅಂತ ನಂಬ್ಕಂಡು ಆಣೆ ಮಾಡ್ದೆ. ಮಾಡಿದ್ದು ಇವ್ಳು. ಹಂಗಾದ್ರೆ ಆ ಆಣೆ ಆಣೇನಾ? ನಾನು ಬುಟ್ಟಿದ್ದು ಎಣ್ಣೇನಾ, ನೀರ್ನಾ?" ಆಮೇಲೆ ನನ್ನ ಕಡೆ ತಿರುಗಿದ. "ಜಗಳ ಆದ್ಮೇಲೆ ಒಂದೂವರೆ ತಿಂಗ್ಳಿಗೆ ನಾನು ಆಣೆ ಮಾಡಿದ್ದು. ಆ ಒಂದೂವರೆ ತಿಂಗ್ಳೂ ನೀರು ಬೆರೆಸವ್ಳಾ, ಜಗಳ ಆದ್ಮೇಲೆ ನಿಲ್ಸವ್ಳಾ? ಅಷ್ಟು ಹೇಳಿ ನಂಗೆ. ನಿಲ್ಸಿದ್ರೆ ಆಮೇಲೆ ಸಪ್ಪೆ ಮಾಡಿದ್ದು ದೇವ್ರೇ, ಆಣೆ ಉಳೀತು. ಇಲ್ಲ ಅಂದ್ರೆ ಇವತ್ತು ಸಂಜೆ ಒಂದು ಕ್ವಾರ್ಟರ್ ತಗಂಡು ಹಂಗೇ ಕುಡುದು ನೋಡ್ತೀನಿ, ನಾನು ನಿಜವಾಗ್ಲೂ ಬುಟ್ಟಿದೀನಾ ಅಂತ."

ಇಂಥ ಒಂದು ಪರೀಕ್ಷೆ ಮಾಡಿ ಮತ್ತೆ ಬಿದ್ದವರು ಎಷ್ಟು ಮಂದಿ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಸಹೋದ್ಯೋಗಿ ಆತನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಒಂದು ಗಂಟೆಯ ಮೇಲೆ ಹೊರಗೆ ಬಂದಾಗ ಆತ ಒಪ್ಪಿದ್ದು ಇಷ್ಟೇ: ನಾಳೆಯವರೆಗೆ ಕುಡಿಯುವುದಿಲ್ಲ, ನಾಳೆ ನಾನು ಆತನ ಮನೆಗೆ ಹೋಗಿ ಹೆಂಡತಿಯ ಎದುರೇ ಈ ಪ್ರಶ್ನೆಗೆ ಉತ್ತರ ಹೇಳಬೇಕು. ಆಕೆ ಒಪ್ಪಿದರೆ ಮಾತ್ರ ಎಂದು ನಾನು ಸೇರಿಸಿದೆ. ಆತ ಹೋದ ಮೇಲೆ ಸಹೋದ್ಯೋಗಿ, "ಜಗಳದ ದಿನವೇ ನಿಲ್ಲಿಸಿದ್ಲು ಅಂತ ಹೇಳಿಬಿಡಿ. ಒಂದು ಮಾತಲ್ಲಿ ಮುಗಿಯುತ್ತೆ," ಅಂದರು. ನನಗೂ ಹಾಗೇ ಅನ್ನಿಸಿತ್ತು. ಅನ್ನಿಸಿದ್ದು ಆತನ ಒಳ್ಳೆಯದಕ್ಕೋ ನನ್ನ ತಪ್ಪು ಮುಚ್ಚಿಕೊಳ್ಳುವುದಕ್ಕೋ ಎಂದು ದಿನಚರಿಯಲ್ಲಿ ಬರೆದು, ಉತ್ತರ ಬರೆಯದೆ ಬಿಟ್ಟಿದ್ದೇನೆ.

ಮಾರನೇ ದಿನ ಹತ್ತು ಗಂಟೆಗೆ ಹೋದೆ. ಆತ ಡೇರಿಗೆ ಹೋಗಿದ್ದ. ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ನಾನು ಎದುರಿಗೆ ಕೂತೆ. ಕ್ಷಮಿಸಿ ಅಂದೆ. ಹೆಸರು ಹೇಳಿರಲಿಲ್ಲ, ಊರು ಹೇಳಿರಲಿಲ್ಲ, ಅಟ್ಟವನ್ನೂ ಬದಲಿಸಿದ್ದೆ ಎಂದೆಲ್ಲ ಶುರುಮಾಡಿದೆ.

"ಹೇಳಿದ್ದು ಹಾಳಾಗ್ಲಿ ಬುಡಿ," ಅಂದಳು. "ಹೆಂಗಸ್ರ ಹತ್ರ ಹೇಳಿದ ಮಾತು ಎಲ್ಲಿ ನಿಲ್ತದೆ. ಹೇಳಿ ನಗುಸುದ್ರಂತಲ್ಲ."

ಹೌದು ಅಂದೆ.

"ನಾನು ಅಟ್ಟ ಹತ್ತೋವಾಗ ಒಂದಿನ ಏಣಿ ಜಾರಿ ಮಂಡಿ ತರಚ್ಕಂಡು, ಕೊಟ್ಟಿಗೇಲಿ ಬಿದ್ದೆ ಅಂತ ಸುಳ್ಳು ಹೇಳಿವ್ನಿ. ಗೊತ್ತಾಗಿದ್ರೆ ಆ ಮನುಷ್ಯ ಆವಾಗ ಇದ್ದ ಹದಕ್ಕೆ ಏನ್ ಮಾಡ್ತಿದ್ನೋ. ಅದು ನಗೋ ಕಥೆನಾ ಮೇಡಂ?"

ಅಲ್ಲ ಅಂದೆ. ಒಂದಷ್ಟು ಅವರೆಕಾಯಿ ನನ್ನ ಕಡೆ ತಳ್ಳಿದಳು. ಇಬ್ಬರೂ ಸುಲಿಯತೊಡಗಿದೆವು. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ, "ಅವ್ರು ಬಂದು ಕೇಳ್ತಾರೆ. ಜಗಳ ಆದ್ ದಿನಾನೇ ನಿಲ್ಸುಬುಟ್ಟೆ ಅಂತ ರಾತ್ರೀನೇ ಹೇಳಿವ್ನಿ. ನೀವೂ ಅದೇ ಹೇಳಿ. ನಾನು ನಿಮ್ಗೆ ಅವತ್ತು ಹೇಳಿದ್ದೂ ಅದೇ ತಾನೇ?" ಅಂದಳು.

ಅವತ್ತು ಹೇಳಿದ್ದು ಅದಲ್ಲ ಎಂದು ನನ್ನ ನೆನಪು. ಆಕೆಯ ಮುಖ ನೋಡಿದೆ. ಆಕೆ ಸುಳ್ಳು ಹೇಳುತ್ತಿದ್ದಾಳೆಂದು ಅನ್ನಿಸಲಿಲ್ಲ. ನಿಜ ಹೇಳುತ್ತಿದ್ದಾಳೆಂದೂ ಅನ್ನಿಸಲಿಲ್ಲ. ಸೆರಗಿನ ಬಣ್ಣದ ಸಮೇತ ಅಳದಿದ್ದ ತಾಯಿಯ ಅಳು ನೆನಪಿಟ್ಟುಕೊಂಡವಳು ನಾನು. ಬಸ್ಸಿನ ಸದ್ದಿನಲ್ಲಿ ಕೇಳಿದ ಒಂದು ಮಾತನ್ನು ಹಿಡಿದು ಇವಳನ್ನು ಸುಳ್ಳುಗಾರ್ತಿ ಎನ್ನಲು ನನಗೇನು ಆಧಾರ? ಹಾಗೆಂದು, ಇದೇ ಅನುಮಾನ ಈಗ ನನಗೆ ಅನುಕೂಲವಾಗಿ ಒದಗಿತೇ ಎಂಬುದನ್ನೂ ಬರೆಯಬೇಕು. ಬೇರೆ ದಿನ ಬೇರೆ ಮನೆಯಲ್ಲಿ ಆಗಿದ್ದರೆ ಇಷ್ಟು ಅನುಮಾನ ಪಡುತ್ತಿದ್ದೆನೋ ಇಲ್ಲವೋ.

ಗಂಡ ಬಂದ. ಹಾಲಿನ ಕ್ಯಾನು ಒಳಗಿಟ್ಟು, ಕೈ ತೊಳೆದು, ಜಗಲಿಯ ಇನ್ನೊಂದು ತುದಿಗೆ ಕೂತ. ಪೀಠಿಕೆ ಹಾಕಲಿಲ್ಲ.

"ಏನಂದಿದ್ಲು ನಿಮ್ಗೆ? ಯಾವತ್ತಿನ ತನಕ?"

ನಾನು ದಿನಚರಿ ತೆಗೆದು ಆ ಪುಟ ತೋರಿಸಿದೆ. ಆತ ನಿಧಾನವಾಗಿ, ತುಟಿ ಆಡಿಸಿಕೊಂಡು ಓದಿದ.

"ಇಷ್ಟೇನಾ?"

"ಇಷ್ಟೇ."

"ಬರ್ದಿಲ್ಲ ಅಂದ್ರೆ ಬುಡಿ, ನೆಪ್ಪಿರಬೇಕಲ್ಲ. ಏನು ನೆಪ್ಪಿದೆ?"

"ನೆನಪಿರೋದನ್ನ ನಾನೇ ನಂಬಲ್ಲ. ತಪ್ಪು ನೆನಪಿಟ್ಟುಕೊಂಡದ್ದು ಬಹಳ ಸಲ ಆಗಿದೆ. ಅದನ್ನ ನಿಮ್ಮ ಮನೆಯಲ್ಲಿ ಸಾಕ್ಷಿ ಅಂತ ಹೇಳೋಕೆ ಆಗಲ್ಲ. ಇಷ್ಟರ ಮೇಲೆ ಏನಾದರೂ ಹೇಳಿದ್ರೆ ಇನ್ನೊಂದು ಕಥೆ ಕಟ್ಟಿದ ಹಾಗೆ ಆಗುತ್ತೆ."

"ಓದಿರೋರು ಹಿಂಗಂದ್ರೆ ನಾವೇನ್ ಮಾಡಾನ?" ಎಂದು ಆತ ಪುಸ್ತಕ ಹಿಂದಕ್ಕೆ ಕೊಟ್ಟ.

ಹೆಂಡತಿ ಸುಲಿಯುವುದನ್ನು ನಿಲ್ಲಿಸಿದ್ದಳು. "ಅವ್ರನ್ಯಾಕೆ ಕೇಳ್ತೀರಿ? ಅಟ್ಟ ಹತ್ತಿದೋಳು ನಾನು. ನಾನಿಲ್ವಾ ಇಲ್ಲಿ? ಜಗಳ ಆದ್ ದಿನ ನಿಲ್ಸುದೆ ಅಂದಿಲ್ವಾ?"

"ಅಂದೆ," ಎಂದ ಗಂಡ.

"ನಂಬಿಕೆ ಇಲ್ದಿದ್ರೆ ಹೇಳಿ. ಬನ್ನಿ ಒಳೀಕೆ, ದೇವ್ರ ಮುಂದೆ ಕರ್ಪೂರ ಹಚ್ಚಿ. ನಾನೂ ಆಣೆ ಮಾಡ್ತೀನಿ." ಮಡಿಲಿನಲ್ಲಿದ್ದ ಸಿಪ್ಪೆ ಕೊಡವಿ ಎದ್ದೇಬಿಟ್ಟಳು. ಹೊಸಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟಿದ್ದಳು.

"ಬ್ಯಾಡ," ಅಂದ ಆತ. ದನಿ ಸ್ವಲ್ಪ ಜೋರಾಯಿತು. "ಬ್ಯಾಡ ಕಣೇ. ಬಾ ಈಕಡೆ. ನೀನು ಆಣೆ ಮಾಡ್ಬ್ಯಾಡ."

ಆತ ಯಾಕೆ ಬೇಡ ಅಂದನೆಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಆಕೆಯ ಮಾತು ನಂಬಿ ಆಣೆ ಬೇಕಿಲ್ಲ ಅಂದನೋ, ನಂಬದೆ, ಆಕೆ ದೇವರ ಮುಂದೆ ಸುಳ್ಳು ಹೇಳುವುದು ಬೇಡ ಅಂದನೋ. ಆಕೆಗೆ ಗೊತ್ತಾಗಿರಬಹುದು. ನನಗೆ ಗೊತ್ತಾಗಲಿಲ್ಲ, ನಾನು ಕೇಳಲೂ ಇಲ್ಲ. ಆಕೆ ಬಂದು ಕೂತಳು, ಈ ಸಲ ನನ್ನ ಎದುರಿಗಲ್ಲ, ಆತ ಕೂತಿದ್ದ ತುದಿಯಲ್ಲಿ. "ಒಂದು ಮಾತು ಹೇಳ್ಬೌದಿತ್ತು ನೀನು," ಅಂದ ಆತ.

"ಯಾವಾಗ ಹೇಳ್ಲಿ? ಕುಡ್ದಾಗ ಹೇಳುದ್ರೆ ಒದೀತಿದ್ರಿ. ಬುಟ್ಮೇಲೆ ಹೇಳುದ್ರೆ ಕುಡೀತೀನಿ ಅಂತೀರಿ."

ಆತ ನೆಲ ನೋಡುತ್ತ ಒಂದೆರಡು ಅವರೆಕಾಯಿ ತೆಗೆದುಕೊಂಡು ಸುಲಿದ. ಆಮೇಲೆ ನನಗೆ, "ಇವತ್ತೂ ಕುಡಿಯಾಕಿಲ್ಲ. ನಿಮ್ಮ ಸಾರ್‌ಗೆ ಹೇಳಿ," ಅಂದ. "ನಿಮ್ಮ ಫೋನಲ್ಲಿ ನನ್ನ ಮಾತು ಇದ್ಯಲ್ಲ, ದೇವ್ರು ಸಪ್ಪೆ ಮಾಡ್ದ ಅಂತ, ಅದನ್ನ ತೆಗುದ್ಬುಡಿ."

ಬೇಕಿದ್ದರೆ ಹೊಸದಾಗಿ ಮುದ್ರಿಸಿಕೊಳ್ಳಬಹುದು, ಇಬ್ಬರೂ ಕೂತು ಹೇಳಬಹುದು, ಅಂದೆ. ಆ ಹೊತ್ತಿನಲ್ಲೂ ನನಗೆ ಅದು ಹೊಳೆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

"ನಾನು ಹೇಳಲ್ಲಪ್ಪ," ಅಂದಳು ಹೆಂಡತಿ. "ಒಂದ್ ದಪ ಹೇಳಿದ್ದಕ್ಕೇ ಇಷ್ಟಾಯ್ತು."

"ಅವ್ಳು ಹೇಳ್ದೆ ನಾನೊಬ್ನೇ ಹೇಳುದ್ರೆ ಅರ್ಧ ಆಯ್ತದೆ. ನಂದೂ ಬ್ಯಾಡ," ಅಂದ ಆತ.

ಒಪ್ಪಿಗೆ ಹಿಂತೆಗೆದುಕೊಳ್ಳುವುದಕ್ಕೆ ಒಂದು ಹಾಳೆ ಇರುತ್ತದೆ, ನನ್ನ ಚೀಲದಲ್ಲಿತ್ತು. ತುಂಬಿಸಿದೆ. ಕಾರಣ ಎಂಬ ಕಡೆ ಬಂದಾಗ ಆತ, "ಬರೀಲೇಬೇಕಾ?" ಎಂದು ಕೇಳಿದ. ಬೇಡ ಅಂದೆ. ಖಾಲಿ ಬಿಟ್ಟು ರುಜು ಹಾಕಿದ. ಫೋನಿನಿಂದ ಮುದ್ರಿಕೆಯನ್ನು ಅವರ ಎದುರಿಗೇ ಅಳಿಸಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಇದ್ದದ್ದನ್ನು ಅದೇ ಸಂಜೆ. ಮೇಲೆ ನಾನು ಬರೆದ ಆತನ ಮಾತು ಈಗ ಆ ಇಬ್ಬರ ಒಪ್ಪಿಗೆಯಿಂದ, ನನ್ನ ಹಳೆಯ ಟಿಪ್ಪಣಿ ನೋಡಿ, ಮತ್ತೆ ಬರೆದದ್ದು. ಆತ ಓದಿಸಿಕೊಂಡು, "ಹತ್ರತ್ರ ಹಂಗೇ ಅಂದಿದ್ದೆ," ಅಂದಿದ್ದಾನೆ. ಕರ್ಪೂರದ ದಿನದವರೆಗೂ ಬೆರೆಸಿದಳೆಂಬ ನನ್ನ ನೆನಪಿನ ಸಾಲು ಬಂದಾಗ, "ಅದು ನಿಮ್ ನೆಪ್ಪು, ಇರ್ಲಿ ಬುಡಿ," ಅಂದ.

ನಮ್ಮ ಅಧ್ಯಯನದಲ್ಲಿ ಆತ ಈಗ ಇಲ್ಲ. ಹಾಗಾಗಿ ಆತ ಕುಡಿಯುತ್ತಿದ್ದಾನೋ ಇಲ್ಲವೋ ಎಂದು ಹೋಗಿ ಕೇಳಿ ಬರೆಯುವ ಅಧಿಕಾರ ನನಗಿಲ್ಲ. ಗುರುವಾರದ ಸಭೆಗೆ 'ಬರೋದು ಬರ್ತೀನಿ, ಬರ್ಕೊಳ್ಳೋದು ಬ್ಯಾಡ' ಅಂದಿದ್ದ, ಬರುತ್ತಾನೆ. ಆ ಸಭೆಗೆ ನಾನು ಹೋಗುವುದಿಲ್ಲ. ಸಹೋದ್ಯೋಗಿ ಹೇಳಿದ್ದು ಇದು. ಅದನ್ನೂ ಆತನನ್ನು ಕೇಳಿಯೇ ನನಗೆ ಹೇಳಿದರು. ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ತಾವು ಬಿಟ್ಟು ಎಷ್ಟು ದಿನವಾಯಿತೆಂದು ಹೇಳಬೇಕು. ಮೊದಲೆಲ್ಲ ಆತ ಎದ್ದು ಮನೆದೇವರ ಕಥೆಯನ್ನು ಉದ್ದಕ್ಕೆ ಹೇಳುತ್ತಿದ್ದ. ಈಗ ಹೇಳುವುದಿಲ್ಲ. ಮೊನ್ನೆ ಎದ್ದು, "ನಾವು ಬುಟ್ಟು ಹನ್ನೊಂದು ತಿಂಗ್ಳಾಯ್ತು," ಅಂದನಂತೆ. ಹೊಸದಾಗಿ ಬಂದವನೊಬ್ಬ, "ನಾವು ಅಂದ್ರೆ? ಹೆಂಡ್ತೀನೂ ಕುಡೀತಿದ್ಲೇನಣ್ಣ?" ಎಂದು ಕೇಳಿದನಂತೆ.

"ಕುಡೀತಿರ್ಲಿಲ್ಲ ಕಣ್ಲಾ," ಅಂದನಂತೆ ಆತ. "ಆದ್ರೆ ನಂಗಿಂತ ಜಾಸ್ತಿ ಸಲ ಬಾಟ್ಲಿ ಬಿಚ್ಚವ್ಳೆ."

ಅಷ್ಟು ಹೇಳಿ ಕೂತನಂತೆ. ಪಕ್ಕದವನು ಎದ್ದು ತನ್ನ ದಿನ ಹೇಳಿದನಂತೆ, ನಾಲ್ಕು.